ದೇವರ ಮುಂದೆ ನಗಬಹುದೆ?

ಸಂಜೆ ದೀಪ ಹಚ್ಚಿದ ಬಳಿಕ ದೂರದರ್ಶನದ ಮುಂದೆ ಕುಳಿತುಕೊಳ್ಳುವುದು ನಮ್ಮ ಬೇಲೂರಿನಂತಹ ಊರುಗಳಲ್ಲಿಯೂ ಈಗ ಮನೆಮನೆಯ ವಾಡಿಕೆಯಾಗಿದೆ. ಅಲ್ಲಿ ಬರುವ ಹಾಸ್ಯಪ್ರಸಂಗಗಳಲ್ಲಿ ಯಮಧರ್ಮರಾಯನು ಆಗಾಗ್ಗೆ ದರ್ಶನ ಕೊಡುವನು. ಚಿತ್ರಗುಪ್ತನು ಲೆಕ್ಕ ತಪ್ಪಿ ಒಬ್ಬನಿಗೆ ಬದಲಾಗಿ ಇನ್ನೊಬ್ಬನನ್ನು ಎಳೆತರಿಸುವನು. ನಾರದನು ಚಾಡಿ ಹೇಳುವನು. ಮಕ್ಕಳು ನಗುತ್ತಾರೆ; ಹಿರಿಯರಲ್ಲಿ ಕೆಲವರು ಹುಬ್ಬು ಗಂಟಿಕ್ಕುತ್ತಾರೆ. ದೇವತೆಗಳನ್ನು ಹೀಗೆ ಹಗುರ ಮಾಡಬಹುದೆ ಎಂಬುದು ಇವರ ಪ್ರಶ್ನೆ. ಯಾರಿಗೂ ನೋಯದ ಹಾಸ್ಯವು ಹಾಸ್ಯವೇ ಅಲ್ಲವೆಂಬುದು ಕಿರಿಯರ ಉತ್ತರ. ಎರಡು ಮಾತುಗಳೂ ಅರ್ಧ ವಿಚಾರದಿಂದ ಹುಟ್ಟಿದವೆಂದು ನನಗೆ ತೋರುತ್ತದೆ.

ಈ ಜಗಳವು ದೂರದರ್ಶನದೊಡನೆ ಹುಟ್ಟಿದುದಲ್ಲ, ನಾಟ್ಯದೊಡನೆಯೇ ಹುಟ್ಟಿತು. ಭರತಮುನಿಯ ನಾಟ್ಯಶಾಸ್ತ್ರದ ಮೊದಲನೆಯ ಅಧ್ಯಾಯವನ್ನು ನೋಡಿರಿ. ಇಂದ್ರಧ್ವಜದ ಉತ್ಸವದಲ್ಲಿ ಆಡಿದ ಮೊಟ್ಟಮೊದಲ ಪ್ರಯೋಗದಲ್ಲಿ ದೈತ್ಯರ ಸೋಲು ಕಥಾವಸ್ತುವಾಗಿದ್ದಿತು. ನೋಡುತ್ತಿದ್ದ ದೈತ್ಯರು ಕೆರಳಿ, ವಿಘ್ನಗಳೊಡಗೂಡಿ ನಟರ ಮಾತು, ನಡೆ, ನೆನಪುಗಳನ್ನೇ ಸ್ತಂಭಿಸಿದರು. ಬ್ರಹ್ಮನು ಅವರನ್ನು ಕರೆದು, ನಾಟ್ಯವು ನಿಮ್ಮೊಬ್ಬರದೂ ಅಲ್ಲ, ದೇವತೆಗಳೊಬ್ಬರದೂ ಅಲ್ಲ, ಮೂರು ಲೋಕದ ಭಾವಗಳ ಅನುಕೀರ್ತನವೆಂದು ಸಮಾಧಾನಪಡಿಸಬೇಕಾಯಿತು. ಆಡಿದವರನ್ನು ಆತನು ಸೆರೆಯಲ್ಲಿಡಲಿಲ್ಲ. ನೊಂದವರನ್ನು ಗದರಿಸಲೂ ಇಲ್ಲ.

ಹಾಸ್ಯರಸವನ್ನು ವಿವರಿಸುವಾಗಲೂ ಮುನಿಯು ಬಹು ಸೂಕ್ಷ್ಮವಾಗಿ ನಡೆದಿರುವನು. ಸ್ಮಿತ, ಹಸಿತಗಳು ಉತ್ತಮರ ನಗು. ವಿಹಸಿತ, ಉಪಹಸಿತಗಳು ಮಧ್ಯಮರದು. ಅಪಹಸಿತ, ಅತಿಹಸಿತಗಳು ಅಧಮರದು. ಸ್ಮಿತದಲ್ಲಿ ಹಲ್ಲು ಕಾಣಬಾರದು. ಅತಿಹಸಿತದಲ್ಲಿಯಾದರೋ ಕಣ್ಣಲ್ಲಿ ನೀರು ತುಂಬಿ ಪಕ್ಕೆ ಹಿಡಿದುಕೊಳ್ಳಬೇಕಾಗುವುದು. ನೋಡುವವರ ಪರವಾಗಿ ಯಂತ್ರವೇ ನಗುವ ಇಂದಿನ ಕಾರ್ಯಕ್ರಮಗಳ ನಗುವನ್ನು ಯಾವ ವರ್ಗಕ್ಕೆ ಸೇರಿಸುತ್ತಿದ್ದನೋ ಕಾಣೆ.

ನಮ್ಮ ಹಿಂದಿನವರು ಧರ್ಮವನ್ನು ಹಾಸ್ಯದಿಂದ ದೂರವಿಟ್ಟವರಲ್ಲ. ಸಂಸ್ಕೃತ ನಾಟಕದ ವಿದೂಷಕನು ಬ್ರಾಹ್ಮಣ. ಅವನ ಹೊಟ್ಟೆಬಾಕತನವನ್ನು ಕಂಡು ನಕ್ಕವರಲ್ಲಿ ಬ್ರಾಹ್ಮಣರೂ ಇದ್ದರು. ಏಳನೆಯ ಶತಮಾನದ ಪಲ್ಲವ ದೊರೆ ಮಹೇಂದ್ರವರ್ಮನು ತಾನೇ ಬರೆದ ‘ಮತ್ತವಿಲಾಸ’ ಪ್ರಹಸನವನ್ನು ತೆಗೆದುಕೊಳ್ಳಿರಿ. ಕುಡಿದ ಕಾಪಾಲಿಕನೊಬ್ಬನು ತನ್ನ ಭಿಕ್ಷಾಪಾತ್ರೆಯಾದ ತಲೆಬುರುಡೆಯನ್ನು ಕಳೆದುಕೊಂಡು, ಬೌದ್ಧ ಭಿಕ್ಷುವೇ ಕದ್ದನೆಂದು ಜಗಳ ತೆಗೆಯುತ್ತಾನೆ, ಪಾಶುಪತನೊಬ್ಬನು ನ್ಯಾಯ ಹೇಳಲು ಬರುತ್ತಾನೆ, ಕದ್ದದ್ದು ನಾಯಿ! ಶೈವ, ಬೌದ್ಧರೆಂಬ ಭೇದವಿಲ್ಲದೆ ಎಲ್ಲರ ಕಪಟವೂ ಹೊರಬೀಳುತ್ತದೆ. ಇದರ ಒಂದು ಭಾಗವನ್ನು ಕೇರಳದ ಕೆಲವು ದೇವಾಲಯಗಳಲ್ಲಿ ಹರಕೆಯಾಗಿ ಆಡಿಸುವ ಪದ್ಧತಿಯುಂಟು. ತಿರುಮಲೆಯಲ್ಲಿ ಪ್ರಣಯಕಲಹೋತ್ಸವದ ದಿನ ಮುನಿದ ದೇವಿಯರ ಪಕ್ಷದವರು ಸ್ವಾಮಿಯನ್ನು ನಿಂದಾಸ್ತುತಿಯಿಂದ ಮೂದಲಿಸಿ ಹೂವಿನ ಚೆಂಡಿನಿಂದ ಹೊಡೆಯುವರು. ಅಷ್ಟು ದೂರವೇಕೆ? 1117ರಲ್ಲಿ ಪ್ರತಿಷ್ಠೆಯಾದ ನಮ್ಮ ಚೆನ್ನಕೇಶವನ ಗುಡಿಯಲ್ಲಿಯೇ ಮದನಿಕೆಯೊಬ್ಬಳ ಸೀರೆಯನ್ನು ಕೋತಿಯೊಂದು ಎಳೆಯುತ್ತಿದೆ. ಶಿಲ್ಪಿಗೆ ಭಕ್ತಿಯಿಲ್ಲವೆಂದು ಯಾರೂ ಹೇಳಿದಂತೆ ಕೇಳಿಲ್ಲ.

ಇನ್ನು ಈಚಿನ ಸಂಗತಿ. 2016ನೆಯ ಜನವರಿಯಲ್ಲಿ ಕೀಕು ಶಾರದಾ ಎಂಬ ಹಾಸ್ಯನಟನನ್ನು ಹರಿಯಾಣದ ಪೊಲೀಸರು ದಸ್ತಗಿರಿ ಮಾಡಿದರು. ಡೇರಾ ಸಚ್ಚಾ ಸೌದಾದ ಗುರು ಗುರ್ಮೀತ್ ರಾಮ್ ರಹೀಮನ ವೇಷವನ್ನು ದೂರದರ್ಶನದಲ್ಲಿ ಅನುಕರಿಸಿದನೆಂಬುದೇ ಆತನ ಅಪರಾಧ. ಮರುವರ್ಷ ಆಗಸ್ಟಿನಲ್ಲಿ ಆ ಗುರುವೇ ಅತ್ಯಾಚಾರದ ಅಪರಾಧಿಯೆಂದು ನಿರ್ಣಯವಾಗಿ 20 ವರ್ಷಗಳ ಸೆರೆವಾಸವನ್ನು ಪಡೆದನು! ಮುನಾವರ್ ಫಾರೂಕಿ ಎಂಬ ತರುಣನು 2021ರ ಜನವರಿ 1ರಂದು ಇಂದೂರಿನಲ್ಲಿ ಬಂಧಿತನಾಗಿ, ಸರ್ವೋಚ್ಚ ನ್ಯಾಯಾಲಯವು ಜಾಮೀನು ಕೊಡುವವರೆಗೆ ತಿಂಗಳಿಗೂ ಮೇಲ್ಪಟ್ಟು ಸೆರೆಯಲ್ಲಿದ್ದನು. ಅದೇ ನವೆಂಬರಿನಲ್ಲಿ ನಮ್ಮ ಬೆಂಗಳೂರಿನಲ್ಲಿಯೂ ಆತನ ಕಾರ್ಯಕ್ರಮವು ಪೊಲೀಸರ ಸೂಚನೆಯಿಂದ ನಿಂತುಹೋಯಿತು. 2024ರಲ್ಲಿ ದೂರದರ್ಶನದ ‘ಬಿಗ್ ಬಾಸ್’ ಸ್ಪರ್ಧೆಯಲ್ಲಿ ಆತನೇ ಗೆದ್ದನು.

1927ರಲ್ಲಿ ದಂಡಸಂಹಿತೆಗೆ ಸೇರಿಸಿದ 295ಎ ಕಲಮು ಉದ್ದೇಶಪೂರ್ವಕವಾದ, ದ್ವೇಷಬುದ್ಧಿಯ ಅವಮಾನವನ್ನು ಮಾತ್ರ ಶಿಕ್ಷಾರ್ಹವೆನ್ನುತ್ತದೆ. 2023ರ ಹೊಸ ನ್ಯಾಯಸಂಹಿತೆಯ 299ನೆಯ ಕಲಮೂ ಹಾಗೆಯೇ. ನೋಡಿದವರಿಗೆ ನೋವಾಯಿತೆಂಬುದೊಂದೇ ಆಡಿದವನ ದ್ವೇಷಕ್ಕೆ ಸಾಕ್ಷಿಯಾಗಲಾರದು. ಕಾನೂನು ಮಾಡಿದವರಿಗೆ ತಿಳಿದಿದ್ದ ಈ ಭೇದವು ದೂರು ಕೊಡುವವರಿಗೆ ಹೊಳೆಯದಿರುವುದು ವಿಚಿತ್ರ.

ಹಾಗೆಂದು ದೂರದರ್ಶನದ ಹಾಸ್ಯಗಾರರನ್ನು ನಾನು ಪೂರ್ತಿಯಾಗಿ ಬಿಟ್ಟುಕೊಡಲಾರೆ. ಬಯಲಾಟದ ಕೋಡಂಗಿಯು ತನ್ನೆದುರಿನ ಜನವನ್ನು ಬಲ್ಲನು. ಯಾವ ಮಾತಿಗೆ ಯಾರ ಮುಖ ಬಾಡಿತೆಂಬುದು ಅವನಿಗೆ ಅಲ್ಲಿಯೇ ಕಾಣುತ್ತದೆ. ದೂರದರ್ಶನದವನಿಗೆ ಆ ಮುಖವೇ ಇಲ್ಲ. ಯಮನ ಕೋಣವನ್ನು ಕಂಡು ನಕ್ಕರೆ ಯಮನಿಗೆ ಏನೂ ಕೊರತೆಯಿಲ್ಲ. ಆದರೆ ಅದೇ ಪ್ರಸಂಗದಲ್ಲಿ ತೊದಲುವವನನ್ನೂ ಕಪ್ಪು ಬಣ್ಣದ ಹುಡುಗಿಯನ್ನೂ ಹಾಸ್ಯಮಾಡಿದಾಗ, ಮನೆಯ ಮೂಲೆಯಲ್ಲಿ ಕುಳಿತು ನೋಡುತ್ತಿರುವ ಅಂತಹದೇ ಮಗುವೊಂದು ಸದ್ದಿಲ್ಲದೆ ಎದ್ದು ಹೋಗುತ್ತದೆ. ದೇವರ ಪರವಾಗಿ ದೂರು ಕೊಡಲು ನೂರು ಜನರಿದ್ದಾರೆ. ಈ ಮಗುವಿನ ಪರವಾಗಿ ಯಾರೂ ಠಾಣೆಗೆ ಹೋದುದನ್ನು ಕಾಣೆವು.

ನಾಟ್ಯಶಾಸ್ತ್ರದ ಕೊನೆಯಲ್ಲಿ ಇನ್ನೊಂದು ಕಥೆಯುಂಟು. ಭರತನ ಮಕ್ಕಳು ವಿದ್ಯಾಮದದಿಂದ ಋಷಿಗಳನ್ನು ಅಣಕಿಸಿ ಪ್ರಹಸನವಾಡಿದರು. ಋಷಿಗಳು ಕೆರಳಿ ಅವರನ್ನು ಕುಲದಿಂದ ಭ್ರಷ್ಟರಾಗುವಂತೆ ಶಪಿಸಿದರು. ನಾಟ್ಯವೇ ನಾಶವಾಗುವುದೆಂದು ದೇವತೆಗಳು ಹೆದರಿ ಮೊರೆಯಿಟ್ಟಾಗ, ವಿದ್ಯೆ ಉಳಿಯಲಿ, ಶಾಪವೂ ಇರಲಿ ಎಂದರು. ಮುಂದೆ ನಹುಷರಾಜನು ಭೂಲೋಕಕ್ಕೂ ನಾಟ್ಯ ಬೇಕೆಂದು ಬೇಡಿದಾಗ, ಭರತನು ಕಳುಹಿಸಿಕೊಟ್ಟುದು ಈ ಶಾಪಗ್ರಸ್ತರಾದ ಮಕ್ಕಳನ್ನೇ.