‘ಅನಾವ್’ ಎಂಬ ಮಾತು
(ಬಾನುಲಿ ಭಾಷಣ)

ಶಬ್ದಕೋಶದಲ್ಲಿ ಒಂದೇ ಸಾಲಿನಲ್ಲಿ ಮುಗಿದುಹೋಗುವ ಕೆಲವು ಪದಗಳು ಬಾಳಿನಲ್ಲಿ ಬಹುಕಾಲ ನಮ್ಮನ್ನು ಕಾಡುತ್ತವೆ. ಹೀಬ್ರೂ ಭಾಷೆಯ ‘ಅನಾವ್’ ನನ್ನ ಪಾಲಿಗೆ ಅಂಥದೊಂದು ಪದ. ವಿನಯಶಾಲಿ ಎಂದು ಅದರ ಅರ್ಥ. ‘ಅನವಾ’ ಎಂದರೆ ವಿನಯ. ಆದರೆ ಎಂತಹ ವಿನಯ?

ಈ ಭಾವಕ್ಕೆ ನಮ್ಮಲ್ಲಿಯೇ ಹಲವು ಮಾತುಗಳುಂಟು. ‘ವಿನಯ’ದ ಮೂಲದಲ್ಲಿರುವುದು ‘ನೀ’ ಧಾತು. ದಾರಿಯಲ್ಲಿ ನಡೆಸುವ ಶಿಕ್ಷಣದ ಭಾವ ಅಲ್ಲಿದೆ. ‘ನಮ್ರತೆ’ಯದು ‘ನಮ್’ ಧಾತು; ಬಾಗುವುದು ಅದರ ಚಿತ್ರ. ಹೀಬ್ರೂ ಪದದ ಹಿಂದಿರುವುದಾದರೋ ನೋವು. ಅದರ ಒಡಹುಟ್ಟು ‘ಅನೀ’. ಎಂದರೆ ಬಡವ, ನೊಂದವ. ಇದೇ ಮೂಲದ ಕ್ರಿಯಾಪದವೊಂದು ವಿಮೋಚನಕಾಂಡದ ಮೊದಲ ಅಧ್ಯಾಯದಲ್ಲಿ ಬರುತ್ತದೆ. ಈಜಿಪ್ಟಿನವರು ಇಸ್ರಾಯೇಲ್ಯರನ್ನು ಬಿಟ್ಟಿ ದುಡಿಮೆಯಿಂದ ಪೀಡಿಸಿದರೆಂದು ಹೇಳುವ ಮಾತು ಅದು.

ಈ ಎರಡು ಪದಗಳು ಎಷ್ಟು ಹತ್ತಿರದವೆಂದರೆ, ಬರಹದಲ್ಲಿ ಅವನ್ನು ಬೇರ್ಪಡಿಸುವುದು ‘ವಾವ್’ ಮತ್ತು ‘ಯೋದ್’ ಎಂಬ ಅಕ್ಷರಗಳ ಗೆರೆಯ ಉದ್ದವಷ್ಟೆ. ಆಮೋಸನ ಗ್ರಂಥದ 8ನೆಯ ಅಧ್ಯಾಯದ 4ನೆಯ ವಚನದಲ್ಲಿ ಬರೆದಿರುವುದು ಒಂದು ರೂಪ. ಓದುವಾಗ ಉಚ್ಚರಿಸಬೇಕೆಂದು ಸಂಪ್ರದಾಯ ವಿಧಿಸಿರುವುದು ಇನ್ನೊಂದು. ವಿನೀತನೂ ನೊಂದವನೂ ಅಲ್ಲಿ ಒಂದೇ ಜಾಗದಲ್ಲಿ ನಿಂತಿದ್ದಾರೆ. 37ನೆಯ ಕೀರ್ತನೆಯಲ್ಲಿ ನೆಲಕ್ಕೆ ಒಡೆಯರಾಗುವರೆಂದು ಹೇಳಿರುವುದು ಇಂಥ ‘ಅನಾವೀಮ್’ರನ್ನು ಕುರಿತೇ. ಗ್ರೀಕ್ ಅನುವಾದದಲ್ಲಿ ಆ ಪದ ‘ಪ್ರಾಯೂಸ್’ ಆಯಿತು. ಸೌಮ್ಯತೆ ಉಳಿಯಿತು, ನೋವಿನ ನೆನಪು ಮಸುಕಾಯಿತು. ಯೇಸುವಿನ ಗಿರಿಪ್ರಸಂಗದಲ್ಲಿ ನಾವು ಕಾಣುವುದೂ ಈ ಗ್ರೀಕ್ ಪದವನ್ನೇ.

ಹಾಗಾದರೆ ‘ಅನಾವ್’ ಎಂದರೆ ತುಳಿತಕ್ಕೆ ತಲೆಬಾಗಿದವನೆ? ಅಲ್ಲ. ಅರಣ್ಯಕಾಂಡದ 12ನೆಯ ಅಧ್ಯಾಯ ಭೂಮಿಯ ಮೇಲಿನ ಮನುಷ್ಯರೆಲ್ಲರಿಗಿಂತ ಹೆಚ್ಚು ‘ಅನಾವ್’ ಎಂದು ಕರೆಯುವುದು ಮೋಶೆಯನ್ನು. ಫರೋಹನ ಎದುರು ನಿಂತು ತನ್ನ ಜನರ ಬಿಡುಗಡೆ ಕೇಳಿದವನು ಆತ. ಜನರಿಗಾಗಿ ದೇವರೊಡನೆಯೂ ವಾದಿಸಿದವನು. ಆ ವಿಶೇಷಣ ಬಂದಿರುವ ಸಂದರ್ಭವನ್ನು ಗಮನಿಸಬೇಕು. ಅಕ್ಕ ಮಿರ್ಯಾಮಳೂ ಅಣ್ಣ ಆರೋನನೂ ಅವನನ್ನು ಆಕ್ಷೇಪಿಸುತ್ತಾರೆ. ದೇವರು ಅವನೊಬ್ಬನ ಮೂಲಕವೇ ಮಾತಾಡುವನೇನು ಎಂದು ಕೇಳುತ್ತಾರೆ. ಮೋಶೆ ಉತ್ತರ ಕೊಡುವುದಿಲ್ಲ. ಮಿರ್ಯಾಮಳು ಚರ್ಮರೋಗಕ್ಕೆ ತುತ್ತಾದಾಗ ಮಾತ್ರ ಬಾಯಿ ತೆರೆಯುತ್ತಾನೆ. ಹೀಬ್ರೂವಿನಲ್ಲಿ ಐದೇ ಪದಗಳ ಪ್ರಾರ್ಥನೆ, ಅವಳು ಗುಣವಾಗಲೆಂದು. ಅದರ ಹಿಂದಿನ ಅಧ್ಯಾಯದಲ್ಲಿ ಎಲ್ದಾದ್, ಮೇದಾದ್ ಎಂಬಿಬ್ಬರು ಪಾಳೆಯದಲ್ಲಿ ಪ್ರವಾದಿಸುತ್ತಿರುವುದನ್ನು ತಡೆಯಬೇಕೆಂದು ಯೆಹೋಶುವ ಬೇಡಿದಾಗ, ಜನರೆಲ್ಲರೂ ಪ್ರವಾದಿಗಳಾಗಬಾರದೇಕೆ ಎಂಬಂತೆ ಮೋಶೆ ನುಡಿದಿದ್ದ. ಪರರಿಗಾಗಿ ದನಿಯೆತ್ತುವುದು, ತನಗಾಗಿ ಎತ್ತದಿರುವುದು; ‘ಅನವಾ’ದ ತಿರುಳು ಇಲ್ಲಿದೆ ಎಂದು ನನಗೆ ತೋರುತ್ತದೆ.

ಇದನ್ನು ಹೇಳುವಾಗ ಒಂದು ಹಳೆಯ ಸಂಗತಿ ನೆನಪಾಗುತ್ತದೆ. ನಾನು ಅಧ್ಯಾಪಕನಾದ ಹೊಸತು. ಹಳಗನ್ನಡ ಪಾಠದ ನಡುವೆ ವಿದ್ಯಾರ್ಥಿಯೊಬ್ಬ ಎದ್ದು, ‘ಸಾರ್, ತಾವು ಹೇಳಿದ ಅರ್ಥ ಪದ್ಯಕ್ಕೆ ಹೊಂದುವುದಿಲ್ಲ’ ಎಂದ. ‘ಮೊದಲು ವಿನಯ ಕಲಿ’ ಎಂದು ಗದರಿ ಕೂರಿಸಿದೆ. ರಾತ್ರಿ ನಿಘಂಟು ತೆರೆದು ನೋಡಿದರೆ ಅವನೆಂದುದೇ ಸರಿ. ಮರುದಿನ ತರಗತಿಯಲ್ಲಿ ಅದನ್ನು ಒಪ್ಪಿಕೊಳ್ಳಲು ನನಗೆ ಬಾಯಿ ಬರಲಿಲ್ಲ. ಆತ ಮತ್ತೆ ಆ ವರ್ಷವೆಲ್ಲ ಪ್ರಶ್ನೆ ಕೇಳಲಿಲ್ಲ.

ಕೆಳಗಿರುವವರಿಂದ ಮೇಲಿರುವವರು ವಸೂಲು ಮಾಡುವ ಮರ್ಯಾದೆಗೆ ನಾವು ಎಷ್ಟು ಸುಲಭವಾಗಿ ವಿನಯವೆಂದು ಹೆಸರಿಡುತ್ತೇವೆ! ಹೀಬ್ರೂವಿನಲ್ಲಿ ಅಂಥ ವಸೂಲಿಗೆ ಬೇರೆಯೇ ಮಾತಿದೆ. ಫರೋಹನ ಮೇಸ್ತ್ರಿಗಳು ಮಾಡಿದ್ದು ಅದನ್ನೇ. ಎರಡೂ ಒಂದೇ ಬೇರಿನಿಂದ ಬಂದಿರುವುದು ಆ ಭಾಷೆ ನಮಗೆ ಕೊಡುವ ಎಚ್ಚರಿಕೆ. ಅಂದು ತರಗತಿಯಲ್ಲಿ ವಿನಯ ಕಲಿಯಬೇಕಾಗಿದ್ದವನು ನಿಂತಿದ್ದ ಹುಡುಗನಲ್ಲ.