ಅಂದೋಲಾ ಸೀಮೆಯ ಮಕ್ಕಳು ಮತ್ತು ಶಾಲಾ ಆರೋಗ್ಯಸೇವೆ

ಶಾಲೆಗೆ ಬರುವ ಮಕ್ಕಳ ಕಣ್ಣು, ಕಿವಿ, ಹಲ್ಲು, ತೂಕಗಳನ್ನು ಕಾಲಕಾಲಕ್ಕೆ ಪರೀಕ್ಷಿಸಿ, ದೋಷ ಕಂಡವರನ್ನು ಚಿಕಿತ್ಸೆಗೆ ಕಳುಹಿಸಿ, ಲಸಿಕೆ, ಕುಡಿಯುವ ನೀರು, ಊಟಗಳ ಹೊಣೆಯನ್ನೂ ಹೊರುವ ವ್ಯವಸ್ಥೆಗೆ ಶಾಲಾ ಆರೋಗ್ಯಸೇವೆ ಎನ್ನುತ್ತಾರೆ. ಭಾರತದಲ್ಲಿ ಇಂಥ ತಪಾಸಣೆ 1909ರಲ್ಲಿಯೇ ಬರೋಡಾದಲ್ಲಿ ಆರಂಭವಾಗಿತ್ತು; 1946ರ ಭೋರ್ ಸಮಿತಿಯ ವರದಿ ಅದು ದೇಶಕ್ಕೆಲ್ಲ ಬೇಕೆಂದು ಹೇಳಿತು; 1960ರಲ್ಲಿ ರೇಣುಕಾ ರೇ ಅವರ ಅಧ್ಯಕ್ಷತೆಯಲ್ಲಿ ಇದಕ್ಕಾಗಿಯೇ ಒಂದು ಸಮಿತಿ ನೇಮಕವಾಯಿತು. ಇಂದು ಜೇವರ್ಗಿ ತಾಲ್ಲೂಕಿಗೆ ಸೇರಿರುವ ಅಂದೋಲಾ, ನಿಜಾಮರ ಕಾಲದಲ್ಲಿ ಗುಲ್ಬರ್ಗಾ (ಇಂದಿನ ಕಲಬುರಗಿ) ಜಿಲ್ಲೆಯ ಒಂದು ತಾಲ್ಲೂಕಿಗೇ ಹೆಸರು ಕೊಟ್ಟಿದ್ದ ಊರು. 1948ರವರೆಗೆ ನಿಜಾಮರ ಆಳ್ವಿಕೆ, 1956ರವರೆಗೆ ಹೈದರಾಬಾದ್ ರಾಜ್ಯ, ಆಮೇಲೆ ಮೈಸೂರು ರಾಜ್ಯ ಎಂದು ಎಂಟೇ ವರ್ಷಗಳಲ್ಲಿ ಆಡಳಿತ ಎರಡು ಸಲ ಬದಲಾದ ಈ ಸೀಮೆಯಲ್ಲಿ ಸಮಿತಿಗಳ ಮಾತು ಹಳ್ಳಿಯ ಶಾಲೆಯನ್ನು ಮುಟ್ಟುವುದು ಸುಲಭವಿರಲಿಲ್ಲ.

ಈ ಭಾಗದ ಮಕ್ಕಳನ್ನು ಪಾಠದಿಂದ ದೂರವಿಟ್ಟ ರೋಗಗಳಲ್ಲಿ ನಾರುಹುಣ್ಣನ್ನು ಕುರಿತು ವಿಸ್ತಾರವಾಗಿ ಹೇಳಲೇಬೇಕು, ಏಕೆಂದರೆ ಅದಕ್ಕೆ ಲಸಿಕೆಯೂ ಇರಲಿಲ್ಲ, ಗುಣಪಡಿಸುವ ಔಷಧಿಯೂ ಇರಲಿಲ್ಲ, ಆದರೂ ಅದು ನಿರ್ಮೂಲವಾಯಿತು. ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳಲ್ಲಿ ಜನ ಇಳಿದು ನೀರು ತುಂಬುತ್ತಿದ್ದ ಮೆಟ್ಟಿಲು ಬಾವಿಗಳೇ ಅದರ ನೆಲೆ. ನೀರಿನಲ್ಲಿರುವ ಸೈಕ್ಲೋಪ್ಸ್ ಎಂಬ ಅತಿ ಸಣ್ಣ ಜೀವಿಯೊಳಗೆ ಹುಳುವಿನ ಮರಿ ಸೇರಿಕೊಂಡಿದ್ದು, ಆ ನೀರು ಕುಡಿದವರ ಮೈಯಲ್ಲಿ ಬೆಳೆದು, ಸುಮಾರು ಒಂದು ವರ್ಷದ ಬಳಿಕ ಮೊಳಕ್ಕೂ ಮೀರಿದ ದಾರದಂತೆ ಹೆಚ್ಚಾಗಿ ಕಾಲಿನಿಂದ ಹೊರಬರುತ್ತಿತ್ತು. ಉರಿ ತಾಳಲಾರದೆ ರೋಗಿ ಬಾವಿಗಿಳಿದು ಕಾಲು ನೆನೆಸಿದರೆ ಅಸಂಖ್ಯ ಮರಿಗಳು ಪುನಃ ನೀರು ಸೇರುತ್ತಿದ್ದವು. ಹುಳುವನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಎಂದು ಎಳೆಯುತ್ತ ವಾರಗಟ್ಟಲೆ ಮಲಗಿದ ಮಗು ಶಾಲೆಯ ಹಾಜರಿ ಪುಸ್ತಕದಲ್ಲಿ ಬರಿಯ ಗೈರುಹಾಜರಿಯಾಗಿ ಉಳಿಯುತ್ತಿತ್ತು. 1980ರ ದಶಕದಲ್ಲಿ ಮೊದಲಾದ ರಾಷ್ಟ್ರೀಯ ಕಾರ್ಯಕ್ರಮ ಬಾವಿಗಳ ಮೆಟ್ಟಿಲು ಮುಚ್ಚಿಸಿ, ಕೊಳವೆ ಬಾವಿ ಕೊರೆಸಿ, ನೀರನ್ನು ಬಟ್ಟೆಯಲ್ಲಿ ಸೋಸುವುದನ್ನು ಮನೆಮನೆಗೆ ಕಲಿಸಿತು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ಈ ರೋಗದಿಂದ ಮುಕ್ತವೆಂದು ಪ್ರಮಾಣೀಕರಿಸಿತು.

ಮನಸ್ಸಿನ ಆರೈಕೆಗೆ ಇಂಥ ಗೆಲುವು ಇನ್ನೂ ದಕ್ಕಿಲ್ಲ. ಮಕ್ಕಳ ಮಾರ್ಗದರ್ಶನ ಕೇಂದ್ರವೆಂದರೆ ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ಸಮಾಜಕಾರ್ಯಕರ್ತರು ಕೂಡಿ ಮಗುವಿನ ನಡವಳಿಕೆ, ಕಲಿಕೆ, ಮನೆಯ ಸ್ಥಿತಿಗಳನ್ನು ಒಟ್ಟಿಗೆ ಪರಿಶೀಲಿಸುವ ಸ್ಥಳ. ಮುಂಬಯಿಯಲ್ಲಿ ಅದು 1937ರಲ್ಲಿಯೇ ತೆರೆಯಿತು, ಬೆಂಗಳೂರಿನಲ್ಲಿ ಮುಂದೆ ನಿಮ್ಹಾನ್ಸ್ ಆದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ 1954ರಲ್ಲಿ ಹುಟ್ಟಿತು. ಅಂದೋಲಾ ಸೀಮೆಯ ಹಳ್ಳಿಗಳಿಗೆ ಇವೆರಡೂ ದೂರವೇ. ಮನೆಯಲ್ಲಿ ಕನ್ನಡವಾಡಿ, ಮೇಲಿನ ತರಗತಿಗಳಲ್ಲಿ ಉರ್ದುವನ್ನು ಎದುರಿಸಬೇಕಿದ್ದ ನಿಜಾಮರ ಕಾಲದ ಹುಡುಗ ಪಾಠದಲ್ಲಿ ಹಿಂದೆ ಬಿದ್ದರೆ, ಅದು ಬುದ್ಧಿಯ ಕೊರತೆಯೋ, ಭಾಷೆಯ ತೊಡಕೋ, ಕಿವಿ ಸೋರುವುದರಿಂದ ಬಂದ ಕಿವುಡೋ ಎಂದು ಬಿಡಿಸಿ ಹೇಳುವವರು ಸುತ್ತಮುತ್ತ ಇರಲಿಲ್ಲ. ದಡ್ಡನೆಂಬ ಹೆಸರು ಹೊತ್ತು ಶಾಲೆ ಬಿಡುವುದು ಎಂಥ ಮಗುವಿಗೂ ಅನ್ಯಾಯವೇ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಸಂಚಾರಿ ತಂಡಗಳು ಈಗ ಸರ್ಕಾರಿ ಶಾಲೆಗಳಿಗೆ ಬಂದು, ಹುಟ್ಟುದೋಷ, ಪೌಷ್ಟಿಕಾಂಶದ ಕೊರತೆ, ಕಾಯಿಲೆ ಹಾಗೂ ಬೆಳವಣಿಗೆಯ ಹಿನ್ನಡೆಗಳನ್ನು ಹುಡುಕುತ್ತವೆ. ತಂಡ ಬರುವುದು ವರ್ಷಕ್ಕೊಮ್ಮೆಯಾದರೆ, ಶಿಕ್ಷಕರು ಅದೇ ಮಗುವನ್ನು ದಿನವೂ ನೋಡುತ್ತಾರೆ. ಆದ್ದರಿಂದ ಕಪ್ಪುಹಲಗೆ ಕಾಣದೆ ಕಣ್ಣು ಕಿರಿದು ಮಾಡುವವರನ್ನು, ಕರೆದರೂ ತಿರುಗದವರನ್ನು, ಇದ್ದಕ್ಕಿದ್ದಂತೆ ಮೌನವಾದವರನ್ನು ಗುರುತಿಸಿ ಹೆಸರು ಬರೆದಿಡುವ ತರಬೇತಿ ಅವರಿಗೆ ಸಿಗಬೇಕು, ಆ ಪಟ್ಟಿ ತಂಡದ ಕೈಗೆ ಮೊದಲೇ ತಲುಪಬೇಕು.