ಊಟದ ನಂತರದ ಗುಳಿಗೆ: ಜೀರ್ಣಕಿಣ್ವಗಳ ವ್ಯಾಪಾರ ಮತ್ತು ವಾಸ್ತವ

ವಾಣಿಜ್ಯ ಸಂಸ್ಥೆಗಳ ವಾರ್ಷಿಕ ಸಭೆಯಿರಲಿ, ವಿತರಕರ ಸಮಾವೇಶವಿರಲಿ, ಸನ್ಮಾನ ಮತ್ತು ಭಾಷಣಗಳು ಮುಗಿದು ಭೋಜನ ಬಡಿಸುವ ವೇಳೆಗೆ ರಾತ್ರಿ ಹತ್ತು ಗಂಟೆ ಸಮೀಪಿಸಿರುತ್ತದೆ. ಕರಿದ ಗೋಬಿ, ಬೆಣ್ಣೆಯಲ್ಲಿ ತೇಲುವ ಪನೀರು, ಪೂರಿ, ಜಾಮೂನು, ಅದರ ಮೇಲೆ ಐಸ್‌ಕ್ರೀಂ. ಊಟ ಮುಗಿಸಿ ಕೈತೊಳೆದು ಬರುವ ಸದಸ್ಯರಲ್ಲಿ ಕೆಲವರು ಜೇಬಿನಿಂದ ಗುಳಿಗೆಯ ಪಟ್ಟಿಯೊಂದನ್ನು ತೆಗೆದು, ಒಂದನ್ನು ತಾವು ನುಂಗಿ ಮತ್ತೊಂದನ್ನು ಪಕ್ಕದವರಿಗೆ ನೀಡುವ ದೃಶ್ಯ ನಮಗೆಲ್ಲರಿಗೂ ಪರಿಚಿತವಾದುದೇ. "ತಗೊಳ್ಳಿ ಸಾರ್, ಎಲ್ಲಾ ಕರಗಿಹೋಗುತ್ತೆ" ಎಂಬ ಮಾತೂ ಅದರೊಡನೆ ಬರುತ್ತದೆ.

ಈ 'ಕರಗಿಹೋಗುತ್ತದೆ' ಎಂಬ ಶಬ್ದದಲ್ಲಿಯೇ ಒಂದು ದೊಡ್ಡ ತಪ್ಪು ತಿಳಿವಳಿಕೆ ಅಡಗಿದೆ. ಕರಗುವುದೆಂದರೆ ಇಲ್ಲವಾಗುವುದು ಎಂದು ನುಂಗುವವರು ಭಾವಿಸುತ್ತಾರೆ. ಜೀರ್ಣಾಂಗಗಳ ವ್ಯವಹಾರದಲ್ಲಿ ಕರಗುವುದೆಂದರೆ ರಕ್ತಕ್ಕೆ ಸೇರಲು ಸಿದ್ಧವಾಗುವುದು. ಈ ಎರಡು ಅರ್ಥಗಳ ನಡುವಿನ ಅಂತರದಲ್ಲಿಯೇ ಇಂದಿನ ಜೀರ್ಣಕಿಣ್ವ ಗುಳಿಗೆಗಳ ಮಾರುಕಟ್ಟೆಯ ಗಣನೀಯ ಭಾಗ ನಿಂತಿದೆ. ಔಷಧ, ಆಹಾರ ಹಾಗೂ ಚಿಲ್ಲರೆ ವ್ಯಾಪಾರದಲ್ಲಿ ತೊಡಗಿರುವ ನಮ್ಮ ಸದಸ್ಯರು ಈ ವಿಷಯವನ್ನು ಗ್ರಾಹಕರಾಗಿಯೂ ಮಾರಾಟಗಾರರಾಗಿಯೂ ಅರಿತಿರುವುದು ಒಳಿತು.

ಅಕ್ಕಿಯ ಬೂಷ್ಟಿನಿಂದ ಪರಂಗಿಯ ಹಾಲಿನವರೆಗೆ

ಜೀರ್ಣಕ್ಕೆಂದು ಕಿಣ್ವವನ್ನು ಕಾರ್ಖಾನೆಯಲ್ಲಿ ತಯಾರಿಸಿ ಮಾರುವ ಉದ್ಯಮಕ್ಕೆ ಶತಮಾನಕ್ಕೂ ಮಿಕ್ಕಿದ ಇತಿಹಾಸವಿದೆ. ಜಪಾನಿನ ರಸಾಯನಶಾಸ್ತ್ರಜ್ಞ ಜೋಕಿಚಿ ತಕಾಮಿನೆ ತನ್ನ ದೇಶದಲ್ಲಿ ಅಕ್ಕಿಯಿಂದ ಮದ್ಯ ತಯಾರಿಸಲು ಬಳಸುತ್ತಿದ್ದ ಕೋಜಿ ಎಂಬ ಬೂಷ್ಟನ್ನು ಅಮೆರಿಕಕ್ಕೆ ಕೊಂಡೊಯ್ದನು. ಅಲ್ಲಿನ ವಿಸ್ಕಿ ತಯಾರಿಕೆಯಲ್ಲಿ ಮೊಳಕೆ ಬಾರ್ಲಿಯ ಬದಲಿಗೆ ಈ ಬೂಷ್ಟನ್ನು ಬಳಸಬೇಕೆಂಬುದು ಅವನ ಮೂಲ ಯೋಜನೆ. ಮೊಳಕೆ ಬಾರ್ಲಿಯ ವರ್ತಕರಿಗೆ ಇದು ಹಿಡಿಸಲಿಲ್ಲ. ಪಿಯೋರಿಯಾ ನಗರದಲ್ಲಿದ್ದ ಅವನ ಘಟಕ ಬೆಂಕಿಗೆ ಆಹುತಿಯಾಯಿತು. ಛಲ ಬಿಡದ ತಕಾಮಿನೆ ಅದೇ ಬೂಷ್ಟಿನಿಂದ ಪಿಷ್ಟವನ್ನು ಒಡೆಯುವ ಡಯಾಸ್ಟೇಸ್ ಕಿಣ್ವವನ್ನು ಬೇರ್ಪಡಿಸಿ 1894ರಲ್ಲಿ ಅಮೆರಿಕದ ಪೇಟೆಂಟ್ ಪಡೆದನು. ಪಾರ್ಕ್-ಡೇವಿಸ್ ಕಂಪನಿ ಅದನ್ನು 'ತಕಾ-ಡಯಾಸ್ಟೇಸ್' ಎಂಬ ಹೆಸರಿನಲ್ಲಿ ಅಜೀರ್ಣದ ಔಷಧವಾಗಿ ಮಾರಿತು. ಒಂದು ಮಾರುಕಟ್ಟೆ ಮುಚ್ಚಿದಾಗ ಅದೇ ಸರಕಿಗೆ ಇನ್ನೊಂದನ್ನು ಹುಡುಕಿದ ಈ ವರ್ತಕಬುದ್ಧಿಯನ್ನು ಮೆಚ್ಚದಿರಲಾಗದು. ಇಂದಿಗೂ ನಮ್ಮ ಔಷಧದಂಗಡಿಯ ಅನೇಕ ಗುಳಿಗೆಗಳಲ್ಲಿ 'ಫಂಗಲ್ ಡಯಾಸ್ಟೇಸ್' ಎಂದು ಬರೆದಿರುವುದು ಈ ಬೂಷ್ಟಿನ ವಂಶದ ಸರಕೇ.

ಬೆಂಗಳೂರಿಗೂ ಈ ಕಥೆಯಲ್ಲಿ ಒಂದು ಸ್ಥಾನವಿದೆ. 1978ರಲ್ಲಿ ಕಿರಣ್ ಮಜುಂದಾರ್ ಅವರು ಬಾಡಿಗೆ ಮನೆಯ ಕಾರುಶೆಡ್ಡಿನಲ್ಲಿ, ಹತ್ತು ಸಾವಿರ ರೂಪಾಯಿ ಬಂಡವಾಳದಲ್ಲಿ, ಐರ್ಲೆಂಡಿನ ಸಂಸ್ಥೆಯೊಂದರ ಸಹಯೋಗದೊಡನೆ ಬಯೋಕಾನ್ ಆರಂಭಿಸಿದಾಗ ಅದರ ಮೊದಲ ಉತ್ಪನ್ನಗಳು ಎರಡು: ಮೀನಿನ ಗಾಳಿಚೀಲದಿಂದ ತೆಗೆಯುವ ಐಸಿಂಗ್ಲಾಸ್ ಮತ್ತು ಪರಂಗಿಯ ಹಾಲಿನಿಂದ ತೆಗೆಯುವ ಪಪೇನ್. ಎಳೆಯ ಪರಂಗಿಕಾಯಿಯ ಸಿಪ್ಪೆಗೆ ಗೀರು ಹಾಕಿ, ಒಸರುವ ಹಾಲನ್ನು ಸಂಗ್ರಹಿಸಿ, ಒಣಗಿಸಿ ಶುದ್ಧೀಕರಿಸಿದರೆ ಪ್ರೋಟೀನನ್ನು ಒಡೆಯುವ ಪಪೇನ್ ದೊರೆಯುತ್ತದೆ. ಇದು ಬಿಯರನ್ನು ತಿಳಿಗೊಳಿಸಲು, ಮಾಂಸವನ್ನು ಮೆದುವಾಗಿಸಲು ಹಾಗೂ ಜೀರ್ಣದ ಗುಳಿಗೆಗಳಿಗೆ ಬಳಕೆಯಾಗುತ್ತದೆ. ಮುಂದೆ ಆ ಕಂಪನಿ ಬೇರೆ ಔಷಧಗಳತ್ತ ಹೊರಳಿ, 2007ರಲ್ಲಿ ತನ್ನ ಕಿಣ್ವ ವಿಭಾಗವನ್ನು ಡೆನ್ಮಾರ್ಕಿನ ನೋವೋಜೈಮ್ಸ್ ಸಂಸ್ಥೆಗೆ ಹನ್ನೊಂದೂವರೆ ಕೋಟಿ ಡಾಲರುಗಳಿಗೆ ಮಾರಿತು. ಕಿಣ್ವವೆಂಬುದು ಆದ್ದರಿಂದ ಹಗುರವಾಗಿ ಕಾಣಬೇಕಾದ ಸರಕೇನೂ ಅಲ್ಲ. ಹಿಟ್ಟು, ಬಟ್ಟೆ, ಚರ್ಮ, ಮಾರ್ಜಕ ಮುಂತಾದ ಹತ್ತಾರು ಉದ್ದಿಮೆಗಳು ಅದನ್ನು ನಂಬಿವೆ. ನಮ್ಮ ಆಕ್ಷೇಪವೇನಿದ್ದರೂ ಅದರ ಹೆಸರಿನಲ್ಲಿ ನೀಡಲಾಗುವ ಒಂದು ಭರವಸೆಯ ಕುರಿತು.

ಕಿಣ್ವ ಮಾಡುವುದೇನು, ಮಾಡದಿರುವುದೇನು

ನಾವು ತಿಂದ ಆಹಾರವನ್ನು ಒಡೆಯಲು ಲಾಲಾರಸ, ಜಠರ, ಸಣ್ಣ ಕರುಳು ಮತ್ತು ಮುಖ್ಯವಾಗಿ ಮೇದೋಜೀರಕ ಗ್ರಂಥಿಯಿಂದ ಕಿಣ್ವಗಳು ಒಸರುತ್ತವೆ. ಪಿಷ್ಟಕ್ಕೆ ಅಮೈಲೇಸ್, ಪ್ರೋಟೀನಿಗೆ ಪೆಪ್ಸಿನ್ ಮತ್ತು ಟ್ರಿಪ್ಸಿನ್, ಜಿಡ್ಡಿಗೆ ಲೈಪೇಸ್. ಆರೋಗ್ಯವಂತರಲ್ಲಿ ಈ ದಾಸ್ತಾನು ಅಗತ್ಯಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಮೇದೋಜೀರಕ ಗ್ರಂಥಿಯ ಲೈಪೇಸ್ ಉತ್ಪಾದನೆ ಸಹಜ ಪ್ರಮಾಣದ ಶೇಕಡಾ 10ಕ್ಕಿಂತ ಕೆಳಗಿಳಿದ ಮೇಲೆಯೇ ಜಿಡ್ಡು ಅರಗದೆ ಮಲದಲ್ಲಿ ಹೊರಬೀಳತೊಡಗುತ್ತದೆ ಎಂಬುದು 1970ರ ದಶಕದಿಂದಲೂ ವೈದ್ಯಶಾಸ್ತ್ರಕ್ಕೆ ತಿಳಿದಿರುವ ಸಂಗತಿ. ಗೋದಾಮು ತುಂಬಿರುವಾಗ ಹೊರಗಿನಿಂದ ಒಂದು ಚೀಲ ತಂದು ಸೇರಿಸಿದರೆ ವಹಿವಾಟು ಹೆಚ್ಚುವುದಿಲ್ಲ.

ಹಾಗಾದರೆ ಕರಿದ ತಿಂಡಿ ತಿಂದಾಗ ಹೊಟ್ಟೆ ಭಾರವಾಗುವುದೇಕೆ? ಜಿಡ್ಡು ಸಣ್ಣ ಕರುಳನ್ನು ತಲುಪಿದೊಡನೆ ಅಲ್ಲಿಂದ ಹೊರಡುವ ಹಾರ್ಮೋನುಗಳು ಜಠರಕ್ಕೆ 'ನಿಧಾನಿಸು' ಎಂಬ ಸೂಚನೆ ನೀಡುತ್ತವೆ. ಜಠರ ತುಂಬಿಕೊಂಡು ತಡವಾಗಿ ಖಾಲಿಯಾಗುತ್ತದೆ. ಭಾರ, ತೇಗು, ಉಬ್ಬರಗಳಿಗೆ ಇದೇ ಪ್ರಮುಖ ಕಾರಣವಾಗಿದ್ದು, ಕಿಣ್ವದ ಕೊರತೆಗೂ ಇದಕ್ಕೂ ಸಂಬಂಧ ಕಡಿಮೆ. ಗುಳಿಗೆ ನುಂಗಿ ಒಂದೆರಡು ಗಂಟೆಯಲ್ಲಿ ಹಗುರವೆನಿಸಿದರೆ, ಗುಳಿಗೆಯಿಲ್ಲದಿದ್ದರೂ ಬಹುತೇಕ ಹಾಗೆಯೇ ಆಗುತ್ತಿತ್ತು.

ಇನ್ನೂ ಒಂದು ವಿಚಿತ್ರವನ್ನು ಗಮನಿಸಬೇಕು. ನಮ್ಮಲ್ಲಿ ಜನಪ್ರಿಯವಾಗಿರುವ ಅನೇಕ ಗುಳಿಗೆ ಹಾಗೂ ಸಿರಪ್ಪುಗಳಲ್ಲಿ ಇರುವುದು ಡಯಾಸ್ಟೇಸ್ ಮತ್ತು ಪಪೇನ್, ಇಲ್ಲವೇ ಡಯಾಸ್ಟೇಸ್ ಮತ್ತು ಪೆಪ್ಸಿನ್. ಇವು ಪಿಷ್ಟ ಮತ್ತು ಪ್ರೋಟೀನನ್ನು ಒಡೆಯಬಲ್ಲವು. ಎಣ್ಣೆಯನ್ನು ಮುಟ್ಟುವುದೂ ಇಲ್ಲ. ಎಣ್ಣೆ ತಿಂದ ತಪ್ಪಿಗೆ ಎಣ್ಣೆಯ ಗೊಡವೆಯೇ ಇಲ್ಲದ ಗುಳಿಗೆಯನ್ನು ನುಂಗುತ್ತಿದ್ದೇವೆ ಎಂದಾಯಿತು.

ಒಂದು ವೇಳೆ ಗುಳಿಗೆ ಪರಿಪೂರ್ಣವಾಗಿ ಕೆಲಸ ಮಾಡಿತೆಂದೇ ಇಟ್ಟುಕೊಳ್ಳೋಣ. ಆಗ ಆಗುವುದೇನು? ಒಂದು ಗ್ರಾಂ ಜಿಡ್ಡು ಒಡೆದು ರಕ್ತ ಸೇರಿದರೂ ಅದರ ಒಂಬತ್ತು ಕಿಲೋಕ್ಯಾಲೊರಿ ಹಾಗೆಯೇ ಉಳಿಯುತ್ತದೆ. ಮೈದಾ ಪಿಷ್ಟ ಸಕ್ಕರೆಯಾಗಿಯೇ ತೀರುತ್ತದೆ. ಉಪ್ಪಿನಲ್ಲಿರುವ ಸೋಡಿಯಂ ಒಂದು ಮೂಲಧಾತು; ಅದನ್ನು ಒಡೆಯುವ ಕಿಣ್ವ ಜಗತ್ತಿನಲ್ಲಿಯೇ ಇಲ್ಲ. ತೂಕ ಮತ್ತು ಸಕ್ಕರೆಯನ್ನು ಹತೋಟಿಗೆ ತರಲೆಂದೇ ವೈದ್ಯರು ಬಳಸುವ ಎರಡು ಔಷಧಗಳು ಇದಕ್ಕೆ ತದ್ವಿರುದ್ಧ ದಿಕ್ಕಿನಲ್ಲಿ ಕೆಲಸ ಮಾಡುವುದು ಇಲ್ಲಿ ಉಲ್ಲೇಖಾರ್ಹ. ಆರ್ಲಿಸ್ಟಾಟ್ ಎಂಬುದು ಲೈಪೇಸ್ ಕಿಣ್ವವನ್ನು ತಡೆದು, ತಿಂದ ಜಿಡ್ಡಿನ ಸುಮಾರು ಮೂರನೆಯ ಒಂದು ಭಾಗ ಅರಗದೆ ಹೊರಹೋಗುವಂತೆ ಮಾಡುತ್ತದೆ. ಅಕಾರ್ಬೋಸ್ ಎಂಬುದು ಪಿಷ್ಟವನ್ನು ಒಡೆಯುವ ಕಿಣ್ವಗಳನ್ನು ತಡೆದು ಊಟದ ನಂತರ ರಕ್ತದಲ್ಲಿ ಸಕ್ಕರೆ ಒಮ್ಮೆಲೇ ಏರದಂತೆ ನೋಡಿಕೊಳ್ಳುತ್ತದೆ. ಅಂದರೆ ಕೆಟ್ಟ ಊಟದ ಪರಿಣಾಮವನ್ನು ತಗ್ಗಿಸಲು ಔಷಧವಿಜ್ಞಾನ ಕಿಣ್ವವನ್ನು ಕಟ್ಟಿಹಾಕುತ್ತಿರುವಾಗ, ನಾವು ಅದೇ ಉದ್ದೇಶಕ್ಕೆ ಕಿಣ್ವವನ್ನು ಹೆಚ್ಚಿಸಲು ಹೊರಟಿದ್ದೇವೆ.

ಇದು ಕೇವಲ ತರ್ಕದ ಮಾತಲ್ಲ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯಂತೆ ದೇಶದಲ್ಲಿ ಸುಮಾರು 10 ಕೋಟಿ ಮಧುಮೇಹಿಗಳಿದ್ದಾರೆ. ಅವರಲ್ಲಿ ಅಕಾರ್ಬೋಸ್ ಸೇವಿಸುವವರು, ಪಿಷ್ಟ ಒಡೆಯುವ ಕಿಣ್ವಗಳನ್ನಾಗಲಿ ಇದ್ದಿಲನ್ನಾಗಲಿ ಒಳಗೊಂಡ ಜೀರ್ಣದ ಗುಳಿಗೆಗಳನ್ನು ಜೊತೆಯಲ್ಲಿ ಸೇವಿಸಬಾರದೆಂದು ಆ ಔಷಧದ ಮಾಹಿತಿ ಪತ್ರದಲ್ಲಿಯೇ ನಮೂದಾಗಿರುತ್ತದೆ. ಒಂದು ಇನ್ನೊಂದರ ಪರಿಣಾಮವನ್ನು ಕುಗ್ಗಿಸುತ್ತದೆ. ಗುಳಿಗೆಯಲ್ಲಿನ ಸಕ್ರಿಯ ಇದ್ದಿಲು ಬೇರೆ ಔಷಧಗಳನ್ನೂ ಹೀರಿಕೊಳ್ಳಬಲ್ಲದು. ಪಕ್ಕದವರಿಗೆ ಸೌಜನ್ಯದಿಂದ ನೀಡಿದ ಗುಳಿಗೆ ಅವರು ದುಡ್ಡು ಕೊಟ್ಟು ತಂದ ಮಾತ್ರೆಯನ್ನು ವ್ಯರ್ಥಗೊಳಿಸುವ ಸಾಧ್ಯತೆಯಿದೆ ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ತಿಳಿದಿದೆ?

ಯಾರಿಗೆ ನಿಜವಾಗಿ ಬೇಕು

ಕಿಣ್ವ ಜೀವದಾಯಕವಾಗುವ ಸಂದರ್ಭಗಳೂ ಇವೆ. ಮೇದೋಜೀರಕ ಗ್ರಂಥಿಯ ದೀರ್ಘಕಾಲದ ಉರಿಯೂತ, ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ರೋಗ, ಗ್ರಂಥಿಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದ ನಂತರದ ಸ್ಥಿತಿ, ಇವುಗಳಲ್ಲಿ ರೋಗಿಗೆ ಪ್ರತಿ ಊಟದೊಡನೆ ಪ್ಯಾಂಕ್ರಿಯಾಟಿನ್ ಬೇಕೇ ಬೇಕು. ದಕ್ಷಿಣ ಭಾರತದಲ್ಲಿ, ವಿಶೇಷವಾಗಿ ಕೇರಳದಲ್ಲಿ, ಮದ್ಯ ಮುಟ್ಟದ ಎಳೆಯರಲ್ಲಿಯೂ ಈ ಗ್ರಂಥಿಯ ಉರಿಯೂತ ಕಂಡುಬಂದಿದೆ. ತೂಕ ಇಳಿಯುವುದು, ಮಲ ಜಿಡ್ಡಾಗಿ ನೀರಿನಲ್ಲಿ ತೇಲುವುದು ಇದರ ಲಕ್ಷಣಗಳು. ಇಂತಹ ರೋಗಿಗೆ ನೀಡುವ ಲೈಪೇಸ್ ಒಂದು ಊಟಕ್ಕೆ 25,000ದಿಂದ 50,000 ಘಟಕಗಳಷ್ಟು. ಜಠರದ ಆಮ್ಲ ಲೈಪೇಸನ್ನು ನಾಶಪಡಿಸುವುದರಿಂದ, ಕರುಳು ತಲುಪಿದ ಮೇಲೆಯೇ ಬಿಚ್ಚಿಕೊಳ್ಳುವ ಲೇಪನವಿರುವ ಸಣ್ಣ ಕಣಗಳ ರೂಪದಲ್ಲಿ ಅದನ್ನು ತಯಾರಿಸುತ್ತಾರೆ. ಊಟದ ಮೊದಲ ತುತ್ತಿನೊಡನೆಯೇ ಸೇವಿಸಬೇಕು. ಕೈತೊಳೆದ ಮೇಲೆ ನುಂಗಿದರೆ ಪ್ರಯೋಜನ ಕಡಿಮೆ.

ಎರಡನೆಯದು ಹಾಲು. ದಕ್ಷಿಣ ಭಾರತದ ವಯಸ್ಕರಲ್ಲಿ ಹಾಲಿನ ಸಕ್ಕರೆಯನ್ನು ಒಡೆಯುವ ಲ್ಯಾಕ್ಟೇಸ್ ಕಿಣ್ವ ಕಡಿಮೆಯಿರುವವರು ಉತ್ತರದವರಿಗಿಂತ ಹೆಚ್ಚು. ಅಂಥವರಿಗೆ ಐಸ್‌ಕ್ರೀಂ ತಿನ್ನುವ ಮುನ್ನ ಲ್ಯಾಕ್ಟೇಸ್ ಗುಳಿಗೆ ಉಪಕಾರಿ. ಮೊಸರಾದರೆ ಅದೂ ಬೇಡ. ಹೆಪ್ಪಿನ ಸೂಕ್ಷ್ಮಜೀವಿಗಳೇ ಆ ಕೆಲಸದ ಬಹುಭಾಗವನ್ನು ಮಾಡಿರುತ್ತವೆ.

ಮೂರನೆಯದು ನಮ್ಮ ಅವರೆ, ಹುರುಳಿ, ಕಡಲೆಗಳು ತರುವ ವಾಯು. ಈ ಕಾಳುಗಳಲ್ಲಿರುವ ರ‍್ಯಾಫಿನೋಸ್, ಸ್ಟ್ಯಾಕಿಯೋಸ್ ಎಂಬ ಸಕ್ಕರೆಗಳನ್ನು ಒಡೆಯುವ ಕಿಣ್ವ ಮನುಷ್ಯನ ಕರುಳಿನಲ್ಲಿಲ್ಲ. ಅವು ದೊಡ್ಡ ಕರುಳನ್ನು ತಲುಪಿ ಅಲ್ಲಿನ ಸೂಕ್ಷ್ಮಜೀವಿಗಳಿಗೆ ಔತಣವಾಗುತ್ತವೆ. ಬೆಂಗಳೂರಿನಲ್ಲಿ ಪ್ರತಿ ಚಳಿಗಾಲದ ಅವರೆಬೇಳೆ ಮೇಳಕ್ಕೆ ಹೋಗಿಬಂದವರಿಗೆ ಇದನ್ನು ವಿವರಿಸಬೇಕಾದ ಅಗತ್ಯವಿಲ್ಲ. ಇಲ್ಲಿ ಡಯಾಸ್ಟೇಸ್, ಪಪೇನ್ ಎರಡೂ ನಿರುಪಯೋಗಿ. ಆಲ್ಫಾ-ಗ್ಯಾಲಕ್ಟೋಸಿಡೇಸ್ ಎಂಬ ಕಿಣ್ವವಿದ್ದರೆ ಮಾತ್ರ ಸ್ವಲ್ಪ ಗುಣ ಕಾಣಬಹುದು. ಒಣಕಾಳನ್ನು ರಾತ್ರಿಯಿಡೀ ನೆನೆಸಿ ಆ ನೀರನ್ನು ಚೆಲ್ಲುವ, ಮೊಳಕೆ ಬರಿಸುವ ನಮ್ಮ ಮನೆಗಳ ಪದ್ಧತಿ ಈ ಸಕ್ಕರೆಗಳನ್ನು ಗಣನೀಯವಾಗಿ ತಗ್ಗಿಸುತ್ತದೆ; ಅದಕ್ಕೆ ಖರ್ಚೂ ಇಲ್ಲ.

ಗ್ಯಾಸೆಂಬ ಹೆಸರಿನ ಅಪಾಯ

ನಮ್ಮ ವರ್ತಕ ವರ್ಗದಲ್ಲಿ ಎದೆಯ ನೋವಿಗೆಲ್ಲ 'ಗ್ಯಾಸ್' ಎಂದು ಹೆಸರಿಡುವ ರೂಢಿ ಬಲವಾಗಿದೆ. ಅಂಗಡಿ ಮುಚ್ಚಿ, ತಡವಾಗಿ ಉಂಡು, ಎದೆ ಹಿಡಿದಂತಾದಾಗ ಗುಳಿಗೆಯೊಂದನ್ನು ನುಂಗಿ ಬೆಳಗಾಗಲೆಂದು ಮಲಗುವವರಿದ್ದಾರೆ. ಎದೆಯ ಒತ್ತಡದೊಡನೆ ಬೆವರು, ಎಡತೋಳು ಅಥವಾ ದವಡೆಗೆ ಹರಿಯುವ ನೋವು, ಉಸಿರಿನ ತೊಂದರೆ ಇದ್ದಲ್ಲಿ ಅದು ಹೃದಯಾಘಾತವಾಗಿರಬಹುದು. ಮೊದಲ ಒಂದು ಗಂಟೆ ಅತ್ಯಂತ ಅಮೂಲ್ಯ. ಮಧುಮೇಹಿಗಳಲ್ಲಿ ಈ ಲಕ್ಷಣಗಳು ಇನ್ನೂ ಮಂಕಾಗಿ, ಬರಿಯ ಅಜೀರ್ಣದಂತೆಯೇ ತೋರಬಹುದು. ಅಂತೆಯೇ ತಿಂಗಳುಗಟ್ಟಲೆ ಅಜೀರ್ಣವಿದ್ದು ತೂಕ ಇಳಿಯುತ್ತಿದ್ದರೆ, ಮಲ ಕಪ್ಪಾಗಿದ್ದರೆ, ನುಂಗಲು ಕಷ್ಟವಾಗುತ್ತಿದ್ದರೆ ಗುಳಿಗೆಯಿಂದ ದಿನ ದೂಡುವುದು ಸಲ್ಲದು. ಕಿಣ್ವದ ಗುಳಿಗೆಯಿಂದಾಗುವ ದೊಡ್ಡ ಹಾನಿ ಅದರೊಳಗಿನ ಪದಾರ್ಥದಿಂದ ಬರುವುದು ಅಪರೂಪ. ಅದು ಕಳೆಸುವ ಸಮಯದಿಂದ ಬರುತ್ತದೆ.

ಚೀಟಿಯ ಮೇಲಿನ ಮಾತು

ಈ ಗುಳಿಗೆಗಳು ನಮ್ಮ ಮಾರುಕಟ್ಟೆಗೆ ಎರಡು ಬಾಗಿಲುಗಳಿಂದ ಬರುತ್ತವೆ. ಒಂದು, 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಅಧಿನಿಯಮದನ್ವಯ ಔಷಧವಾಗಿ. ಇನ್ನೊಂದು, ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2016ರ ನಿಯಮಾವಳಿಯಂತೆ ಆರೋಗ್ಯ ಪೂರಕ ಆಹಾರವಾಗಿ. ಎರಡನೆಯ ಬಗೆಯದರ ಮೇಲೆ 'ಔಷಧೀಯ ಬಳಕೆಗಲ್ಲ' ಎಂಬ ಅರ್ಥದ ಸೂಚನೆ ಇರಲೇಬೇಕು. ರೋಗವನ್ನು ಗುಣಪಡಿಸುತ್ತದೆಂದು ಹೇಳುವಂತಿಲ್ಲ. ದಾರಿತಪ್ಪಿಸುವ ಜಾಹೀರಾತಿಗೆ 2006ರ ಆಹಾರ ಸುರಕ್ಷತಾ ಅಧಿನಿಯಮದಲ್ಲಿ ಹತ್ತು ಲಕ್ಷ ರೂಪಾಯಿಯವರೆಗೆ ದಂಡವಿದೆ. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವಂತೂ ಮರುಕಳಿಸಿದ ತಪ್ಪಿಗೆ ದಂಡವನ್ನು ಐವತ್ತು ಲಕ್ಷಕ್ಕೆ ಏರಿಸಿದೆ ಮತ್ತು ಉತ್ಪನ್ನವನ್ನು ಹೊಗಳುವ ತಾರೆಯರನ್ನೂ ಹೊಣೆಗಾರರನ್ನಾಗಿಸಿದೆ. 'ಏನು ಬೇಕಾದರೂ ತಿನ್ನಿ, ಚಿಂತೆ ಬಿಡಿ' ಎಂಬ ಧಾಟಿಯ ಪ್ರಚಾರಕ್ಕೆ ಹಣ ಸುರಿಯುವ ಮುನ್ನ ಉತ್ಪಾದಕರು ಈ ಕಲಮುಗಳನ್ನೊಮ್ಮೆ ತಮ್ಮ ವಕೀಲರೊಡನೆ ಓದುವುದು ಲೇಸು.

ಚೀಟಿಯಲ್ಲಿ ನೋಡಬೇಕಾದ ಮತ್ತೊಂದು ಅಂಶವಿದೆ. ಪ್ಯಾಂಕ್ರಿಯಾಟಿನ್ ಮತ್ತು ಪೆಪ್ಸಿನ್ ಸಾಮಾನ್ಯವಾಗಿ ಹಂದಿಯ ಅಂಗಾಂಶಗಳಿಂದ ತಯಾರಾಗುತ್ತವೆ. ಬೂಷ್ಟಿನ ಡಯಾಸ್ಟೇಸ್, ಪರಂಗಿಯ ಪಪೇನ್ ಹಾಗಲ್ಲ. ಆಹಾರವಾಗಿ ಮಾರುವ ಪೂರಕಗಳ ಮೇಲೆ ಹಸಿರು ಅಥವಾ ಕಂದು ಗುರುತು ಇರುತ್ತದೆ. ಔಷಧವಾಗಿ ಮಾರುವವುಗಳಲ್ಲಿ ಸಾಮಾನ್ಯವಾಗಿ ಈ ಗುರುತನ್ನು ನಿರೀಕ್ಷಿಸುವಂತಿಲ್ಲ. ಘಟಕಾಂಶಗಳ ಹೆಸರನ್ನೇ ಓದಬೇಕಾಗುತ್ತದೆ. ಸಸ್ಯಾಹಾರಿಯಾದ ಗ್ರಾಹಕನಿಗೂ, ಹಂದಿಮಾಂಸ ನಿಷಿದ್ಧವಾದ ಗ್ರಾಹಕನಿಗೂ ಇದು ಸಣ್ಣ ವಿಷಯವಲ್ಲ. ಚಿಕಿತ್ಸೆಗೆ ಅನಿವಾರ್ಯವಾದಾಗ ಒಪ್ಪುವುದು ಬಿಡುವುದು ಅವರವರ ನಿರ್ಧಾರ, ತಿಳಿಯದೆ ನುಂಗುವಂತಾಗಬಾರದಷ್ಟೇ.

ಔಷಧದಂಗಡಿ ನಡೆಸುವ ಸದಸ್ಯರು ಜೀರ್ಣದ ಗುಳಿಗೆ ಕೇಳಿ ಬಂದವರನ್ನು ಎರಡು ಪ್ರಶ್ನೆ ಕೇಳಿದರೆ ಅರ್ಧ ನಿಮಿಷ ಹಿಡಿಯುತ್ತದೆ: ಸಕ್ಕರೆ ಕಾಯಿಲೆಗೆ ಯಾವ ಮಾತ್ರೆ ನಡೆಯುತ್ತಿದೆ? ಈ ತೊಂದರೆ ಎಷ್ಟು ದಿನದಿಂದ ಇದೆ? ಮೊದಲನೆಯದಕ್ಕೆ ಅಕಾರ್ಬೋಸ್ ಎಂದೂ, ಎರಡನೆಯದಕ್ಕೆ ತಿಂಗಳುಗಳ ಲೆಕ್ಕದಲ್ಲಿಯೂ ಉತ್ತರ ಬಂದರೆ ಆ ಗ್ರಾಹಕನಿಗೆ ಅಂದು ಗುಳಿಗೆ ಮಾರದೆ ವೈದ್ಯರ ಬಳಿಗೆ ಕಳುಹಿಸಬೇಕು.